ರೋಗಿಗೆ ಅಳತೆಯಿಲ್ಲ

ಕಣ್ಣಿಲ್ಲದ ದೇವರನ್ನು ಚನಿಯ ಮುಟ್ಟಬಹುದಿತ್ತು.

ಇಪ್ಪತ್ತೆಂಟು ವರ್ಷ ಮುಟ್ಟಿದ. ಲಾರಿಯಿಂದ ಇಳಿದ ಬಂಡೆಯನ್ನು ಸೀಳಿದವನು ಅವನು. ಅಳತೆಗೆ ಕೊಯ್ದವನು ಅವನು. ಬೇಡದ್ದನ್ನು ಒಡೆದು ತೆಗೆದು, ದೇವರ ಹೊಟ್ಟೆ ಎಲ್ಲಿ, ತೊಡೆ ಎಲ್ಲಿ ಅಂತ ದಪ್ಪಕ್ಕೆ ತೋರಿಸಿಕೊಟ್ಟವನೂ ಅವನೇ. ದುರ್ಗೆಯನ್ನು ಎದೆಗೆ ಒತ್ತಿ ಎತ್ತಿದ್ದಾನೆ. ಗಣಪತಿಯ ಮಡಿಲಲ್ಲಿ ಕುಳಿತು ಚಾ ಕುಡಿದಿದ್ದಾನೆ. ಯಾರೂ ಏನೂ ಹೇಳಲಿಲ್ಲ. ಯಾಕೆ ಹೇಳುತ್ತಾರೆ? ಅದು ಕಲ್ಲು. ಆದರೆ ಒಂದು ದಿನ ಆಚಾರ್ರು ಮಿಂದು, ಮಡಿ ಉಟ್ಟು, ಸಣ್ಣ ಉಳಿ ಹಿಡಿದು ಆ ಕಲ್ಲಿಗೆ ಕಣ್ಣು ಬಿಡಿಸುತ್ತಿದ್ದರು. ಆ ದಿನ ಚನಿಯ ಗೇಟಿನ ಹೊರಗೆ ನಿಲ್ಲಬೇಕು. ಕಣ್ಣು ಬಂದ ಮೇಲೆ ಅದು ದೇವರು. ದೇವರು ಕಣ್ಣು ಬಿಟ್ಟು ಮೊದಲು ನೋಡುವುದು ಚನಿಯನನ್ನು ಆಗಬಾರದು ನೋಡಿ!

ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ರಸ್ತೆಗೆ ತಾಗಿಯೇ ಆ ಶಿಲ್ಪಶಾಲೆ. ತಗಡಿನ ಮಾಡು, ಮೂರು ಬದಿಗೆ ಹಸಿರು ಬಲೆ, ಮುಂದೆ ಕಬ್ಬಿಣದ ಗೇಟು. ಯಜಮಾನರು ಜನಾರ್ದನ ಆಚಾರ್ಯರು. ಎಲ್ಲರ ಬಾಯಲ್ಲಿ ಆಚಾರ್ರು. ಚನಿಯನ ಹೆಂಡತಿ ಸುಂದರಿಗೂ ಅಲ್ಲಿಯೇ ಕೆಲಸ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಅಂಗಳ ಗುಡಿಸಬೇಕು. ಆಮೇಲೆ ದಿನವಿಡೀ ಕುಕ್ಕರಗಾಲಲ್ಲಿ ಕುಳಿತು, ನೀರು ಹೊಯ್ದು ಹೊಯ್ದು ಕೆತ್ತಿದ ಕಲ್ಲನ್ನು ಉಜ್ಜಿ ನುಣುಪು ಮಾಡಬೇಕು. ಹತ್ತೊಂಬತ್ತು ವರ್ಷ ಉಜ್ಜಿ ಅವಳ ಬೆರಳಿನ ಗೆರೆಗಳೇ ಮಾಸಿಹೋಗಿದ್ದವು. ರೇಷನ್ ಅಂಗಡಿಯ ಮಷಿನು ಅವಳ ಹೆಬ್ಬೆರಳನ್ನು ಒಪ್ಪುವುದಿಲ್ಲ. “ಸರೀ ಒತ್ತಿ, ಇನ್ನೊಮ್ಮೆ ಒತ್ತಿ” ಅಂತ ಪ್ರತಿ ತಿಂಗಳೂ ಸಾಲಿನವರೆದುರು ಬೈಸಿಕೊಳ್ಳಬೇಕು. ದೇವರಿಗೆ ಹೊಳಪು ಬಂತು, ಸುಂದರಿಗೆ ಅಕ್ಕಿ ಇಲ್ಲ.

ಗೇಟಿನ ಹೊರಗೆ ನಿಂತು ನಿಂತು ಗಂಡಹೆಂಡತಿ ಇಬ್ಬರಿಗೂ ಕಣ್ಣು ಬಿಡಿಸುವ ಸದ್ದು ಬಾಯಿಪಾಠ ಆಗಿತ್ತು. ಮೊದಲು ಮೇಲಿನ ರೆಪ್ಪೆ. ಸಣ್ಣ ಸಣ್ಣ ಏಟು, ನಿಲ್ಲದೆ, ಒಂದೇ ಗೆರೆ. ಆಮೇಲೆ ಕೆಳಗಿನ ರೆಪ್ಪೆ. ಕೊನೆಗೆ ನಡುವಿನ ಬೊಟ್ಟು. ಅಲ್ಲಿಗೆ ಸದ್ದು ನಿಲ್ಲುತ್ತದೆ, ಒಳಗೆ ಗಂಟೆ ಬಾರಿಸುತ್ತಾರೆ. ಚನಿಯ ಹೊರಗಿಂದಲೇ ಕೈಮುಗಿಯುತ್ತಿದ್ದ. ತಾನೇ ಹೊತ್ತು ತಂದ ಕಲ್ಲಿಗೆ!

ಆ ಶಾಲೆಯಲ್ಲಿ ಒಂದು ಕಟ್ಟಳೆ ಇತ್ತು. ಕಣ್ಣು ಬಿಡಿಸುವುದು ಎಲ್ಲ ಕೆಲಸ ಮುಗಿದ ಮೇಲೆ. ಗಣಪತಿಯ ಕಾಲಡಿಯ ಇಲಿಗೆ ಕೂಡ ಕೊನೆಗೇ. ಒಮ್ಮೆ ಕಣ್ಣು ಬಿಡಿಸಿದ ಕಲ್ಲಿಗೆ ಮತ್ತೆ ಉಳಿ ತಾಗಿಸಬಾರದು. ಒಂದು ಸಲ ಬಂಟ್ವಾಳದ ಕಡೆಯವರಿಗೆ ಮಾಡಿದ ಗಣಪತಿಗೆ ಕಣ್ಣು ಬಂದು ಅರ್ಧ ಗಂಟೆಯಲ್ಲಿ ಕಿವಿಯ ಹತ್ತಿರ ಬಿರುಕು ಕಂಡಿತು. ಹೊಸಬನೊಬ್ಬ, “ಕಿವಿ ಸ್ವಲ್ಪ ಸಣ್ಣ ಮಾಡಿದ್ರೆ ಬಿರುಕು ಹೋಗ್ತದೆ” ಅಂದ. ಆಚಾರ್ರು ಅವನ ಕೆನ್ನೆಗೆ ಬಾರಿಸಿದರು. “ಜೀವ ಇರುವ ಮೈ ಅದು! ನಿನ್ನ ಕಿವಿ ಕೆತ್ತಿದ್ರೆ ಆಗ್ತದಾ?” ಮೂರು ತಿಂಗಳ ದುಡಿಮೆಯನ್ನು ಹಾಗೆಯೇ ಹೊಳೆಗೆ ಬಿಟ್ಟರು. ಜೀವ ಇರುವ ಮೈ ಅಂದರೆ ಆಚಾರ್ರಿಗೆ ಅಷ್ಟು ಭಯ. ಕಲ್ಲಿನದ್ದಾದರೆ ಮಾತ್ರ.

ಚನಿಯ ಹಿಡಿಯುತ್ತಿದ್ದದ್ದು ಕಟ್ಟರ್. ಬಂಡೆಗೆ ಅದನ್ನು ಇಟ್ಟರೆ ಎದುರು ನಿಂತವನ ಮುಖ ಕಾಣದಷ್ಟು ಹುಡಿ ಏಳುತ್ತದೆ. ಅವನ ಹುಬ್ಬು, ರೆಪ್ಪೆ, ಮೂಗಿನೊಳಗಿನ ಕೂದಲು ಎಲ್ಲ ಬಿಳಿ. ಒಮ್ಮೆ ಮೂಗು ಬಾಯಿಗೆ ಬೈರಾಸು ಸುತ್ತಿಕೊಂಡ. ನೀಲಿ ಗೀಟಿನ ಹಳೇ ಬೈರಾಸು, ಬೆವರು ಒರೆಸುವುದಕ್ಕೆ ಹೆಗಲ ಮೇಲೆ ಇರುತ್ತಿದ್ದದ್ದು. ಆಚಾರ್ರು ಎಲ್ಲರೆದುರು ಬಿಚ್ಚಿಸಿದರು. “ದೇವರ ಕೆಲಸ ಮಾಡುವಾಗ ಮೂಗು ಮುಚ್ಚುವುದಾ? ನಿನಗೆ ನಾತ ಬರ್ತದಾ? ನಮ್ಮ ಅಜ್ಜಂದಿರು ಯಾರೂ ಕಟ್ಟಿಕೊಳ್ಳಲಿಲ್ಲ.” ಅಜ್ಜಂದಿರ ಕಾಲದಲ್ಲಿ ಕಟ್ಟರ್ ಇರಲಿಲ್ಲ ಅಂತ ಹೇಳುವ ಬಾಯಿ ಚನಿಯನಿಗೆ ಇರಲಿಲ್ಲ. ಬೈರಾಸು ಬಿಚ್ಚಿ ತಲೆಗೆ ಸುತ್ತಿಕೊಂಡ. ಕೊರೊನಾ ಬಂದಾಗ ಎಲ್ಲರಿಗೂ ಮಾಸ್ಕ್ ಬಂತು. ಅದು ಆಚಾರ್ರಿಗೆ ರೋಗ ತಾಗಬಾರದು ಅಂತ. ಕೊರೊನಾ ಹೋಯಿತು, ಮಾಸ್ಕೂ ಹೋಯಿತು. ಹುಡಿ ಉಳಿಯಿತು.

ಅದಾಗಿ ಎರಡು ವರ್ಷಕ್ಕೆ ಚನಿಯನಿಗೆ ತಮ್ಮ ಕಾಲೊನಿಯ ಗುಡ್ಡೆ ಹತ್ತಲಿಕ್ಕೆ ಮೂರು ಕಡೆ ಕೂರಬೇಕಾಯಿತು. ಮಂಗಳೂರಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹೇಳಿದರು: “ಕಲ್ಲಿನ ಹುಡಿ ಹೋಗಿ ಕೂತಿದೆ. ಇದು ಇಳಿಯುವ ಕಾಯಿಲೆ ಅಲ್ಲ. ಎಲ್ಲಿ ಕೆಲಸ? ಅಲ್ಲಿ ದುಡಿದದ್ದಕ್ಕೆ ಒಂದು ಕಾಗದ ತನ್ನಿ, ಪರಿಹಾರ ಕೊಡಿ ಅಂತ ಸರಕಾರಕ್ಕೆ ಬರೆಯುವ.”

ಕಾಗದಕ್ಕೆ ಹೋದವಳು ಮಗಳು ಮೋಕ್ಷಿತಾ. ಬೆಳ್ತಂಗಡಿಯಲ್ಲಿ ಡಿಗ್ರಿ ಓದುವ ಹುಡುಗಿ, ಮಾತು ಬಲ್ಲವಳು. ಆಚಾರ್ರು ಅವಳಿಗೆ ಕೂರಲು ಹೇಳಲಿಲ್ಲ. “ಚನಿಯ ನಮ್ಮಲ್ಲಿ ಕೆಲಸಕ್ಕೆ ಇದ್ದವ ಅಂತ ಯಾರು ಹೇಳಿದ್ದು? ಆಗೊಮ್ಮೆ ಈಗೊಮ್ಮೆ ಬರ್ತಿದ್ದ. ಬೀಡಿ ಎಳೆಯುವವರಿಗೆಲ್ಲ ಕೆಮ್ಮು ಬರ್ತದೆ ಮಗಾ.” ಚನಿಯ ಜನ್ಮದಲ್ಲಿ ಬೀಡಿ ಸೇದಿದವನಲ್ಲ. ಅವನ ತಾಯಿ ಬೀಡಿ ಕಟ್ಟಿ ಕಟ್ಟಿಯೇ ಸತ್ತವಳು. ಆ ವಾಸನೆ ಅಂದರೆ ಅವನಿಗೆ ಆಗುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷವನ್ನು ಆಚಾರ್ರು ಎರಡು ಮಾತಿನಲ್ಲಿ ಗುಡಿಸಿ ಹಾಕಿದರು. ಮರುದಿನ ಚನಿಯ ಅಲ್ಲಿಗೇ ಕೆಲಸಕ್ಕೆ ಹೋದ. ಹೋಗದೆ ಎಲ್ಲಿಗೆ ಹೋಗಬೇಕು?

ಅದೇ ತಿಂಗಳು ಲಾಯಿಲದಿಂದ ಆರ್ಡರು ಬಂತು. ಶಶಿಪ್ರಭಾ ಅಂತ, ದೊಡ್ಡ ಮನೆತನದವರು. ಗಂಡನಿಗೆ ದುಬೈಯಲ್ಲಿ ಹೋಟೆಲು. ಊರಿನಲ್ಲಿ ಹೊಸ ಹೋಟೆಲಿನ ಪಕ್ಕ ಒಂದು ಧ್ಯಾನಮಂದಿರ ಕಟ್ಟಿಸುತ್ತಿದ್ದರು. ಬಂದವರು ಕಣ್ಣುಮುಚ್ಚಿ ಕೂರಲಿಕ್ಕೆ. ಅದರ ಗೋಡೆಗೆ ಬುದ್ಧನ ಜೀವನ, ಹತ್ತು ಚಪ್ಪಡಿಯಲ್ಲಿ. ಹುಟ್ಟಿದ್ದರಿಂದ ತೀರಿಕೊಂಡದ್ದರ ತನಕ.

ಆಚಾರ್ರು ಕೆಲಸಗಾರ. ಅದನ್ನು ಇಲ್ಲ ಅನ್ನಲಿಕ್ಕಾಗುವುದಿಲ್ಲ. ಮೊದಲ ಚಪ್ಪಡಿಯಲ್ಲಿ ಬುದ್ಧನ ತಾಯಿ ಮರದ ಗೆಲ್ಲು ಹಿಡಿದು ನಿಂತದ್ದು ನೋಡಿದರೆ ಗೆಲ್ಲು ಬಾಗಿದ ಹಾಗೆ ಕಾಣುತ್ತದೆ. ದೇವರಿಗೆ ಅಳತೆ ಉಂಟು, ಮುಖ ಇಷ್ಟು ಬೆರಳು, ಕತ್ತು ಇಷ್ಟು ಬೆರಳು. ರಾಜನಿಗೆ ಉಂಟು. ಕುದುರೆಗೂ ಉಂಟು. ಅಜ್ಜಂದಿರ ಕಾಲದ ಪುಸ್ತಕದಲ್ಲಿ ಎಲ್ಲ ಬರೆದಿಟ್ಟಿದೆ. ನಾಲ್ಕನೆಯ ಚಪ್ಪಡಿಗೆ ಬಂದಾಗ ಕೈ ನಿಂತಿತು. ರಾಜಕುಮಾರ ರಥದಲ್ಲಿ ಹೋಗುತ್ತಾನೆ, ದಾರಿ ಬದಿಯಲ್ಲಿ ಒಬ್ಬ ರೋಗಿಯನ್ನು ನೋಡುತ್ತಾನೆ. ರಥಕ್ಕೆ ಅಳತೆ ಸಿಕ್ಕಿತು. ರೋಗಿಗೆ ಅಳತೆಯಿಲ್ಲ. ಯಾವ ಅಜ್ಜನೂ ಬರೆದಿಡಲಿಲ್ಲ. ಆಚಾರ್ರು ತಲೆ ಎತ್ತಿದರು. ಎದುರಿಗೆ ಕಲ್ಲಿನ ರಾಶಿಗೆ ಒರಗಿ ಚನಿಯ ಕೆಮ್ಮುತ್ತಿದ್ದ.

“ಚನಿಯಾ, ಅಂಗಿ ತೆಗೆದು ಇಲ್ಲಿ ಬಾ.”

ಹನ್ನೊಂದು ದಿನ ಕೂರಿಸಿದರು. ಅಂಗಿ ಇಲ್ಲ. ಬರಿ ನೆಲ. ಪಕ್ಕೆಲುಬನ್ನು ಕಡ್ಡಿ ಹಿಡಿದು ಅಳೆದರು, ಕೈ ತಾಗದ ಹಾಗೆ. ಕೆಮ್ಮು ಬಂದಾಗ ಚನಿಯ ಮುಖ ತಿರುಗಿಸಿದರೆ, “ತಿರುಗಬೇಡ! ಹಾಗೇ ಇರು, ಬಾಯಿ ಹಾಗೇ ಇರಲಿ” ಅನ್ನುತ್ತಿದ್ದರು. ಕೆಮ್ಮು ಬಾರದ ಗಳಿಗೆಯಲ್ಲಿ, “ಸ್ವಲ್ಪ ಕೆಮ್ಮು ನೋಡುವ” ಅಂದರು. ಕಲ್ಲು ಉಜ್ಜುತ್ತಿದ್ದ ಸುಂದರಿಗೆ ಅದು ಕೇಳಿಸಿತು. ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಬೇಕಿತ್ತು ಅಂತ ಆಮೇಲೆ ಎಷ್ಟು ಸಲ ಅಂದುಕೊಂಡಳೋ.

ಹೊಟ್ಟೆ ಉರಿಯುವ ಸಂಗತಿ ಯಾವುದು ಅಂದರೆ, ಚನಿಯನಿಗೆ ಅದು ಹೆಮ್ಮೆ ಆಯಿತು. ಮನೆಗೆ ಬಂದವನು ಗೋಡೆಗೆ ಒರಗಿ, ಉಸಿರು ಕೂಡಿಸಿಕೊಂಡು, ಮಗಳ ಹತ್ತಿರ ಆ ಬುದ್ಧನ ಕಥೆ ಹೇಳಿಸಿಕೊಂಡ.

“ಅವ ರಾಜನ ಮಗ ಅಪ್ಪ. ಮಗ ಬೇಜಾರು ಮಾಡಬಾರದು ಅಂತ ರಾಜ ಅವನಿಗೆ ಮುದುಕರನ್ನು, ರೋಗಿಗಳನ್ನು, ಹೆಣವನ್ನು ತೋರಿಸಲೇ ಇಲ್ಲ. ಅವ ಹೊರಗೆ ಹೊರಟ್ರೆ ದಾರಿಯಲ್ಲಿದ್ದ ಅಂಥವರನ್ನೆಲ್ಲ ಓಡಿಸ್ತಿದ್ರು.”

“ನಮ್ಮನ್ನೂ ಓಡಿಸ್ತಾರಲ್ಲ, ಕಣ್ಣು ಬಿಡಿಸುವ ದಿನ” ಅಂದ ಚನಿಯ. “ಮತ್ತೆ?”

“ಒಂದು ದಿನ ಒಬ್ಬ ರೋಗಿ ಕಣ್ಣಿಗೆ ಬಿದ್ದ. ರಥ ನಿಲ್ಲಿಸಿದ.”

“ನಿಲ್ಲಿಸಿದನಾ?”

“ಹೂಂ. ನಿಲ್ಲಿಸಿ ನೋಡಿದ. ಅಲ್ಲಿಂದಲೇ ಅವನ ಮನಸ್ಸು ತಿರುಗಿದ್ದು. ಅದಿಲ್ಲದಿದ್ರೆ ಅವ ಬುದ್ಧನೇ ಆಗ್ತಿರಲಿಲ್ಲ.”

ಚನಿಯ ಹೆಂಡತಿಯ ಕಡೆ ತಿರುಗಿ ನಕ್ಕ. “ನೋಡಿದೆಯಾ ಸುಂದರಿ? ನನಗೋಸ್ಕರ ಒಬ್ಬ ರಥ ನಿಲ್ಲಿಸಿದ.”

ಮಳೆ ಬಿಡದ ಆಟಿ ತಿಂಗಳಲ್ಲಿ ಚನಿಯ ಸತ್ತ. ಕಾಲೊನಿಯ ಗುಡ್ಡೆಗೆ ರಸ್ತೆ ಇಲ್ಲ. ಕೇಳಿ ಕೇಳಿ ಎಷ್ಟೋ ಪಂಚಾಯತು ಕಳೆಯಿತು. ಆಂಬ್ಯುಲೆನ್ಸು ಕೆಳಗೆ ನೀರು ಹರಿಯುವ ತೋಡಿನ ಹತ್ತಿರ ನಿಂತು ಹಾರ್ನ್ ಹಾಕಿತು. ಮೇಲಿಂದ ಕುರ್ಚಿಯಲ್ಲಿ ಕೂರಿಸಿ ಹೊತ್ತು ತರುವಷ್ಟರಲ್ಲಿ, ಅರ್ಧ ದಾರಿಯಲ್ಲಿ, ಸುಂದರಿಯ ಕೈಯಲ್ಲಿದ್ದ ಅವನ ಕೈ ಸುಮ್ಮನಾಯಿತು. ಕೊನೆಗೆ ಅವನು ಕೇಳಿದ್ದು ನೀರಲ್ಲ, ಗಾಳಿ. ಬಾಯಿ ತೆರೆದು ಗಾಳಿ ಕೇಳಿದ. ಸುತ್ತ ಅಷ್ಟು ಗಾಳಿ ಬೀಸುತ್ತಿತ್ತು. ಅವನಿಗೆ ಸಿಗಲಿಲ್ಲ.

ಅವತ್ತು ಆಚಾರ್ರು ಬಂದರು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಆ ಗುಡ್ಡೆ ಹತ್ತಿದ್ದು. ಅಂಗಳದ ತುದಿಯಲ್ಲಿ ಕೊಡೆ ಹಿಡಿದು ನಿಂತರು. ಮೋಕ್ಷಿತಾ ತಂದ ನೀರನ್ನು ಬೇಡ ಅಂದರು. “ಮುಖದ ಬಟ್ಟೆ ಸ್ವಲ್ಪ ಸರಿಸು ಸುಂದರಿ” ಅಂದರು. ಸುಂದರಿಗೆ ಅಳು ಒತ್ತರಿಸಿ ಬಂತು. ಬಂದರಲ್ಲ, ಕಡೆಗಾದರೂ ಮುಖ ನೋಡಲಿಕ್ಕೆ ಬಂದರಲ್ಲ ಅಂತ. ಬಟ್ಟೆ ಸರಿಸಿದಳು. ಆಚಾರ್ರು ತುಂಬ ಹೊತ್ತು ನೋಡಿದರು. ಎಡದಿಂದ ನೋಡಿದರು, ಬಲಕ್ಕೆ ಬಂದು ನೋಡಿದರು. ಹೋದರು.

ಹದಿನೈದು ದಿನ ಕಳೆದು ಸುಂದರಿ ಕೆಲಸಕ್ಕೆ ಹೋದಾಗ ಐದನೆಯ ಚಪ್ಪಡಿಯಲ್ಲಿ ಹೆಣ ಮೂಡಿತ್ತು. ಚನಿಯನ ಮುಖ. ತೆರೆದ ಬಾಯಿ. ಎಡ ಹೆಬ್ಬೆರಳಿನಲ್ಲಿ ಉಗುರು ಇಲ್ಲ, ಬಂಡೆ ಬಿದ್ದು ಹೋದದ್ದು, ಅದೂ ಸರಿಯಾಗಿ ಇತ್ತು. ಸುಂದರಿ ಚಪ್ಪಡಿಯ ಎದುರು ಕುಸಿದು ಕುಳಿತಳು. ಸಿಟ್ಟು ಬಂತಾ? ಬಂತು. ಆದರೆ ಅದರ ಹಿಂದೆಯೇ ಇನ್ನೊಂದೂ ಬಂತು, ನಾಚಿಕೆ ಬಿಟ್ಟು ಹೇಳಬೇಕಾದರೆ, ಸಂತೋಷ. ಮನೆಯಲ್ಲಿದ್ದದ್ದು ಅವನ ಆಧಾರ್ ಕಾರ್ಡಿನ ಪಟ ಒಂದೇ. ಅದರಲ್ಲಿ ಅವನನ್ನು ಹೆತ್ತವಳು ಕೂಡ ಗುರುತು ಹಿಡಿಯಲಾರಳು. ಇಲ್ಲಿ ಅವನೇ ಇದ್ದ. ನಾಲ್ಕನೆಯದರಲ್ಲಿ ಕೆಮ್ಮುತ್ತಾ ಕೂತಿದ್ದ, ಕಣ್ಣಿನ ಜಾಗ ಇನ್ನೂ ಸಪಾಟು. ಐದನೆಯದರಲ್ಲಿ ಮಲಗಿದ್ದ. ಅವಳು ದಿನವೂ ಆ ಎರಡನ್ನೇ ಮೊದಲು ಉಜ್ಜುತ್ತಿದ್ದಳು. ಬಿಸಿನೀರು ಕಾಯಿಸಿ ಮೀಯಿಸಿದಷ್ಟು ಜೋಪಾನವಾಗಿ ಉಜ್ಜುತ್ತಿದ್ದಳು. ಕೆಲಸಕ್ಕೆ ಇದ್ದವನೇ ಅಲ್ಲ ಅಂದರಲ್ಲ ಆಚಾರ್ರು, ಈಗ ಅವರದೇ ಕೈ ಬರೆದುಕೊಟ್ಟಿದೆ, ಇದ್ದ ಅಂತ.

ಒಂದು ಶನಿವಾರ ಶಶಿಪ್ರಭಾ ನೋಡಲು ಬಂದರು. ಆಚಾರ್ರು ಗೇಟಿನ ತನಕ ಓಡಿದರು. ನೋಡಬೇಕಿತ್ತು, ಆ ನೆಟ್ಟಗಿನ ಬೆನ್ನು ಹೇಗೆ ಬಾಗಿತು ಅಂತ! ಮೊದಲ ಚಪ್ಪಡಿಗೆ ಅಮ್ಮನವರು “ಎಷ್ಟು ಚೆಂದ ಉಂಟು” ಅಂದರು. ಎರಡನೆಯದಕ್ಕೂ ಅಂದರು. ಮೂರನೆಯದಕ್ಕೆ ಬಂದು ನಿಂತರು.

“ಇದು ಯಾರು, ಈ ಮುದುಕ?”

“ಕಥೆಯಲ್ಲಿ ಉಂಟು ಅಮ್ಮ. ಮುದುಕ, ರೋಗಿ, ಹೆಣ, ಸನ್ಯಾಸಿ. ಈ ನಾಲ್ಕನ್ನು ನೋಡಿಯೇ ಅವನು...”

“ಮಾರಾಯ್ರೆ, ಜನ ಮನಸ್ಸಿಗೆ ಶಾಂತಿ ಬೇಕು ಅಂತ ಬರುವ ಜಾಗ ಅದು. ದೂರ ದೂರದಿಂದ ಬರ್ತಾರೆ. ಅವರಿಗೆ ಹೆಣ ತೋರಿಸುವುದಾ? ನೋಡಿ ಈ ರೋಗಿಯ ಎದೆಗೂಡು, ಥೂ! ಇದೆಲ್ಲ ಅಪಶಕುನ. ಸನ್ಯಾಸಿ ಇರಲಿ. ಈ ಮೂರು ಬೇಡ.”

ಕೊನೆಯ ಚಪ್ಪಡಿಯಲ್ಲಿ ಬುದ್ಧ ಬಲಮಗ್ಗುಲಿಗೆ ಮಲಗಿ ಪ್ರಾಣ ಬಿಡುತ್ತಾನೆ. ಅದನ್ನು ನೋಡಿ ಅವರು, “ಇದು ಇರಲಿ. ನಿದ್ರೆ ಮಾಡುವುದು, ಚೆಂದ ಉಂಟು” ಅಂದರು. ಆಚಾರ್ರು, ಹಲ್ಲು ಕಚ್ಚಿ ಅಷ್ಟು ದಿನ ಕೂತು ಕೆತ್ತಿದ ಮನುಷ್ಯ, “ಆಯ್ತು ಅಮ್ಮ” ಅಂದರು.

ಕಾರು ಹೋದ ಮೇಲೆ ಸುಂದರಿಯನ್ನು ಕರೆದರು. “ಮೂರು, ಐದು ಪೂರಾ ಸಪಾಟು ಮಾಡಿ ಕಮಲ ಹಾಕುವ. ಅದು ಅಳಿಯ ಸೃಜನ್ ನಾಳೆ ಕಟ್ಟರಿನಲ್ಲಿ ಮಾಡ್ತಾನೆ. ನಾಲ್ಕರಲ್ಲಿ ರಥ ಒಳ್ಳೇದು ಬಂದಿದೆ, ಅದನ್ನು ಉಳಿಸಬೇಕು. ರೋಗಿಯನ್ನು ಮಾತ್ರ ತೆಗೆಯುವುದು. ಮಷಿನು ಜಾರಿದ್ರೆ ಚಕ್ರ ಹೋದೀತು. ನೀನು ಕೈಯಲ್ಲಿ ಉಜ್ಜಿ ತೆಗಿ. ಸೋಮವಾರದಿಂದ ಕೂತ್ಕೊ.”

ಸುಂದರಿಗೆ ಮೊದಲು ಅರ್ಥ ಆಗಲಿಲ್ಲ. ಅರ್ಥ ಆದ ಮೇಲೆ ನಾಲ್ಕನೆಯದರ ಎದುರು ಹೋಗಿ ನಿಂತಳು.

“ಆಚಾರ್ರೆ, ಅದು ನಮ್ಮ ಇವರು.”

“ಯಾರಾದ್ರೆ ಎಂತ? ಕಲ್ಲು.”

“ಐದನೆಯದು ಹೋಗಲಿ. ನಾಲ್ಕು ನನಗೆ ಕೊಡಿ. ಕೈಮುಗೀತೇನೆ. ಬೇರೆ ಕಲ್ಲು ಹಾಕಿ ಅವರಿಗೆ. ನಾನು ಬದುಕಿರುವವರೆಗೆ ಉಜ್ಜಿ ತೀರಿಸ್ತೇನೆ.”

“ಕಲ್ಲು ಅಮ್ಮನದ್ದು, ಒಂದೇ ಬಂಡೆಯಿಂದ ಬಂದದ್ದು. ಬೇರೆ ತಂದ್ರೆ ಬಣ್ಣ ಹೊಂದುವುದಿಲ್ಲ. ಸೋಮವಾರ ತಡ ಮಾಡಬೇಡ.”

ಆದಿತ್ಯವಾರ, “ಹೋಗಬೇಡ ಅಮ್ಮ” ಅಂದಳು ಮೋಕ್ಷಿತಾ. “ನಾನು ಹೋಗದಿದ್ರೆ ಬೇರೆ ಯಾರಾದ್ರೂ ಉಜ್ಜುತ್ತಾರೆ” ಅಂದಳು ಸುಂದರಿ. ಸಂಜೆ ಎದ್ದು ಮಾಡಿನ ಸಂದಿಯಿಂದ ಚನಿಯನ ಸಣ್ಣ ಉಳಿಯನ್ನು ತೆಗೆದಳು. ಕಾಲೊನಿಯ ಮನೆಗಳಲ್ಲಿ ಕಡೆಯುವ ಕಲ್ಲು ನುಣುಪಾದರೆ ಅದಕ್ಕೆ ಏಟು ಹಾಕಿ ತರಿ ಮಾಡಿಕೊಡಲಿಕ್ಕೆ ಅವನು ಇಟ್ಟುಕೊಂಡದ್ದು. ಕೆಮ್ಮು ಹೆಚ್ಚಾದ ಮೇಲೆ ಆ ಕೆಲಸವನ್ನೂ ಅವಳೇ ಮಾಡುತ್ತಿದ್ದಳು. ಉಳಿ ಹಿಡಿಯುವ ಕೈ ಅವಳದ್ದು. ಅದು ಆಚಾರ್ರಿಗೆ ಗೊತ್ತಿರಲಿಲ್ಲ ಅಷ್ಟೆ. ಬಾಗಿಲ ಮೆಟ್ಟಿಲಿಗೆ ಕೂತು ಉಳಿಯನ್ನು ಮಸೆದಳು. ಮಗಳು ನೀರು ತಂದು ಪಕ್ಕದಲ್ಲಿಟ್ಟಳು.

ಸೋಮವಾರ ಬೆಳಕು ಹರಿಯುವಾಗ ಅವಳು ಶಾಲೆಯಲ್ಲಿದ್ದಳು. ತಲೆಗೆ ಮಿಂದಿದ್ದಳು, ಕೂದಲಿನ ನೀರು ಇನ್ನೂ ಬೆನ್ನಿಗೆ ಇಳಿಯುತ್ತಿತ್ತು. ಮೂರನೆಯದೂ ಐದನೆಯದೂ ಆಗಲೇ ಸಪಾಟು. ಐದನೆಯದರ ಮೇಲೆ ಕೆಂಪು ಬಣ್ಣದಲ್ಲಿ ಕಮಲದ ಗೀಟು ಹಾಕಿಟ್ಟಿದ್ದರು. ಅದರ ಬುಡದಲ್ಲಿ ಬೂದು ಹುಡಿಯ ಗುಪ್ಪೆ. ಚನಿಯನ ಮುಖ ಅದು. ಸುಂದರಿ ಒಂದು ಹಿಡಿ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. ಆಮೇಲೆ ನಾಲ್ಕನೆಯದರ ಎದುರು ಕೂತಳು.

ಮೇಲಿನ ರೆಪ್ಪೆ. ಸಣ್ಣ ಸಣ್ಣ ಏಟು, ನಿಲ್ಲದೆ. ಕೆಳಗಿನ ರೆಪ್ಪೆ. ಒಮ್ಮೆ ಸುತ್ತಿಗೆ ಜಾರಿ ಹೆಬ್ಬೆರಳು ಒಡೆಯಿತು, ರಕ್ತ ಕೆನ್ನೆಯ ಮೇಲೆ ಇಳಿಯಿತು, ಕಲ್ಲಿನ ಕೆನ್ನೆಯ ಮೇಲೆ. ಒರೆಸಿ ಮತ್ತೆ ಹೊಡೆದಳು. ಹುಡಿ ಮೂಗಿಗೆ ಹೋಯಿತು. ಎಡದ ಕಣ್ಣು ಸ್ವಲ್ಪ ದೊಡ್ಡದಾಯಿತು. ಇರಲಿ. ಬೊಟ್ಟಿನ ಜಾಗಕ್ಕೆ ಉಳಿ ಇಟ್ಟಳು. “ನೋಡಿ, ಇವರೇ” ಅಂದಳು, “ನೋಡಿ.” ಕೊನೆಯ ಏಟು ಹಾಕಿದಳು. ಗಂಟೆ ಬಾರಿಸಲು ಯಾರೂ ಇರಲಿಲ್ಲ. ಚನಿಯ ಅವಳನ್ನು ನೋಡಿದ. ಕಣ್ಣು ಬಿಟ್ಟು ಅವನು ಮೊದಲು ನೋಡಿದ್ದು ಅವಳನ್ನು. ಆಗ ಸುಂದರಿ ಅತ್ತಳು. ಹೆಣ ಎತ್ತಿದ ದಿನ ಕೂಡ ಹಾಗೆ ಅತ್ತಿರಲಿಲ್ಲ.

ಎಂಟೂವರೆಗೆ ಎಲ್ಲರೂ ಬಂದರು. ಬಳ್ಳಿ ಕೆತ್ತುವ ಮುದುಕ ರುಕ್ಮಯ್ಯ ಮೊದಲು ನೋಡಿದವನು. “ಅಯ್ಯೋ ಸುಂದರಿ, ಎಂಥ ಕೆಲಸ ಮಾಡಿದೆ ನೀನು” ಅಂದು ಚಪ್ಪಲಿ ಬಿಟ್ಟ. ತನಗೇ ಗೊತ್ತಿಲ್ಲದೆ ಬಿಟ್ಟ. ಹಿಂದೆಯೇ ಆಚಾರ್ರು. ಚಪ್ಪಡಿಯ ಎದುರು ಬಂದು ನಿಂತರು.

“ಯಾರು ಬಿಡಿಸಿದ್ದು?”

“ನಾನು.”

“ನೀನಾ! ನಿನ್ನ ಜಾತಿ ಎಂತದು, ನೀನು ಹಿಡಿದದ್ದು ಎಂತದು, ಗೊತ್ತುಂಟಾ ನಿನಗೆ? ಇದು ಕಣ್ಣಾ? ಇದು ಗೀರು. ನಿನ್ನ ಕೈಯಲ್ಲಿ ಬಿಡಿಸಿದ್ದು ಕಣ್ಣು ಆಗ್ತದಾ? ಲೆಕ್ಕಕ್ಕೇ ಇಲ್ಲ ಇದು. ಸೃಜನ್, ಕಟ್ಟರ್ ತಾ!”

ಅಳಿಯ ಸೃಜನ್ ಕಟ್ಟರಿನ ಹತ್ತಿರ ಹೋದ. ವಯರು ಸಿಕ್ಕಿಸಲಿಲ್ಲ. “ಮಾವ, ಕಣ್ಣು ಬಂದಿದೆ” ಅಂದ. “ನಾನು ಮುಟ್ಟುವುದಿಲ್ಲ.” ಆಚಾರ್ರು ರುಕ್ಮಯ್ಯನ ಮುಖ ನೋಡಿದರು. ಅವನು ನೆಲ ನೋಡಿದ.

“ಲೆಕ್ಕಕ್ಕಿಲ್ಲದ್ದಕ್ಕೆ ಅವರೆಲ್ಲ ಯಾಕೆ ಆಚಾರ್ರೆ?” ಸುಂದರಿ ಎದ್ದು ನಿಂತಳು. ಹತ್ತೊಂಬತ್ತು ವರ್ಷದಲ್ಲಿ ಅವರೆದುರು ತಲೆ ಎತ್ತಿ ನಿಂತದ್ದು ಅದೇ ಮೊದಲು. “ನೀವೇ ಹೊಡೀರಿ. ಸುತ್ತಿಗೆ ಇಲ್ಲುಂಟು. ನಿಮ್ಮಲ್ಲಿ ಕೆಲಸಕ್ಕೆ ಇದ್ದವನಲ್ಲ ಅಂದ್ರಿ. ಮಗಳನ್ನು ನಿಲ್ಲಿಸಿಕೊಂಡು ಅಂದ್ರಿ. ಯಾರು ಅಂತಲೇ ಗೊತ್ತಿಲ್ಲ ನಿಮಗೆ, ಅಲ್ವಾ? ಮತ್ತೆ ಎಂತ ಹೆದರಿಕೆ? ಇವರ ಕಣ್ಣು ನೋಡಿಕೊಂಡು ಹೊಡೀರಿ.”

ಆಚಾರ್ರು ಸುತ್ತಿಗೆ ಎತ್ತಿದರು. ನಿಜವಾಗಿಯೂ ಎತ್ತಿದರು. ಅದು ಹೆಗಲಿನ ತನಕ ಹೋಯಿತು. ಅಲ್ಲಿಯೇ ನಿಂತಿತು. ಕಲ್ಲಿನೊಳಗಿಂದ ಚನಿಯ ನೋಡುತ್ತಿದ್ದ, ಒಂದು ಕಣ್ಣು ಸಣ್ಣ, ಒಂದು ಕಣ್ಣು ದೊಡ್ಡ. ಬದುಕಿದ್ದಾಗ ಅವನು ಆಚಾರ್ರ ಮುಖವನ್ನು ಹಾಗೆ ನೆಟ್ಟಗೆ ನೋಡಿದವನಲ್ಲ. ಸುತ್ತಿಗೆ ಕೆಳಗೆ ಬಂತು.

“ಹೊರಗೆ ಹಾಕಿ ಇದನ್ನು” ಅಂದರು ಕೊನೆಗೆ. “ಒಡೆಯುವುದು ಬೇಡ. ಒಳಗೂ ಬೇಡ. ಗೇಟಿನ ಹೊರಗೆ ಹಾಕಿ. ನೀನು ನಾಳೆಯಿಂದ ಬರಬೇಡ.”

“ನಾಳೆಯಿಂದ ಅಲ್ಲ, ಇವತ್ತಿಗೇ ಮುಗೀತು. ಗಂಡನ ಮುಖ ಉಜ್ಜಿ ತೆಗೀಲಿಕ್ಕೆ ನಾನು ಹುಟ್ಟಿದ್ದಲ್ಲ ಆಚಾರ್ರೆ.”

ಕಲ್ಲು ಎತ್ತುವ ಪಿಕಪ್ ಹಾಜಬ್ಬನದ್ದು. ಬಂಡೆ ಇಳಿಸಲು ಬರುತ್ತಾ ಬರುತ್ತಾ ಚನಿಯನ ಜೊತೆ ಒಂದೇ ಗ್ಲಾಸಿನ ಚಾ ಹಂಚಿ ಕುಡಿದವನು. ಅವನು ಚಪ್ಪಡಿಗೆ ಬೆಲ್ಟ್ ಕಟ್ಟುವಾಗ ಮುಖ ನೋಡಿ, “ಯಾ ಅಲ್ಲಾ, ಚನಿಯಣ್ಣ” ಅಂದ. ಸುಂದರಿ ಅವನ ಹತ್ತಿರ ಹೋಗಿ ಕೇಳಿದಳು. “ಮನೆಗೆ ತಂದು ಹಾಕ್ತೀರಾ ಹಾಜಬ್ಬಣ್ಣ?”

“ನಿಮ್ಮ ಗುಡ್ಡೆಗೆ ಗಾಡಿ ಹತ್ತುವುದಿಲ್ಲಲ್ಲ ಸುಂದರಿಯಕ್ಕ. ಹತ್ತುವುದಾದ್ರೆ ಅವತ್ತು ಆಂಬ್ಯುಲೆನ್ಸೇ ಹತ್ತುತ್ತಿತ್ತು.” ಹಾಗಂದವನಿಗೆ ಕಣ್ಣು ತುಂಬಿತು.

ಗೇಟಿನ ಹೊರಗೆ, ಎಡಕ್ಕೆ, ಚನಿಯ ನಿಲ್ಲುತ್ತಿದ್ದ ಜಾಗದಲ್ಲೇ ಕಲ್ಲು ಇಳಿಯಿತು. ಬೇರೆ ಕಡೆ ಜಾಗ ಇರಲಿಲ್ಲ. “ಮುಖ ಬೇಲಿಗೆ ತಿರುಗಿಸು” ಅಂತ ಒಳಗಿಂದ ಆಚಾರ್ರು ಕೂಗಿದರು. “ಬೆಲ್ಟ್ ಅಷ್ಟು ತಿರುಗುವುದಿಲ್ಲ ಆಚಾರ್ರೆ” ಅಂದ ಹಾಜಬ್ಬ. ಬೆಲ್ಟ್ ಎಷ್ಟು ಬೇಕಾದರೂ ತಿರುಗುತ್ತಿತ್ತು. ಕಲ್ಲು ಗೇಟನ್ನೇ ನೋಡುತ್ತಾ ಕೂತಿತು.

ಲಾಯಿಲದ ಧ್ಯಾನಮಂದಿರ ದೀಪಾವಳಿಗೆ ತೆರೆಯಿತು. ಬಣ್ಣ ಹೊಂದುವ ಬೇರೆ ಕಲ್ಲು ಸಿಕ್ಕಿತಂತೆ. ಸಿಗುವುದಿಲ್ಲ ಅಂದಿದ್ದರಲ್ಲ, ಸಿಕ್ಕಿತು. ಮೋಕ್ಷಿತಾ ಮೊಬೈಲಿನಲ್ಲಿ ತೋರಿಸಿದಳು. ರಾಜಕುಮಾರ ರಥ ನಿಲ್ಲಿಸಿ ಒಂದು ಕಮಲವನ್ನು ನೋಡುತ್ತಿದ್ದಾನೆ. ಮುದುಕ ಇಲ್ಲ, ರೋಗಿ ಇಲ್ಲ, ಹೆಣ ಇಲ್ಲ. ಅರಮನೆಯಿಂದ ಹೊರಟವನು ಏನನ್ನೂ ನೋಡದೆ ನೆಟ್ಟಗೆ ಮರದ ಬುಡಕ್ಕೆ ಹೋಗಿ ಬುದ್ಧನಾಗಿದ್ದಾನೆ. ಕೆಳಗೆ ಎಷ್ಟೋ ಜನ ಕೈಮುಗಿದಿದ್ದಾರೆ.

ಸುಂದರಿಗೆ ಈಗ ಗೇರುಬೀಜದ ಫ್ಯಾಕ್ಟರಿಯಲ್ಲಿ ಕೆಲಸ. ಬಸ್ಸು ಆ ದಾರಿಯಲ್ಲೇ ಹೋಗುತ್ತದೆ. ಅವಳು ಶಾಲೆಯ ಎದುರು ಇಳಿದು, ಸೆರಗಿನಿಂದ ಕಲ್ಲಿನ ಮುಖ ಒರೆಸಿ, ಮುಂದಿನ ಬಸ್ಸಿಗೆ ಹೋಗುತ್ತಾಳೆ. ಒಳಗೆ ಕಟ್ಟರ್ ಓಡಿದರೆ ಹಸಿರು ಬಲೆ ದಾಟಿ ಹುಡಿ ರಸ್ತೆಗೆ ಬರುತ್ತದೆ. ಮರುದಿನಕ್ಕೆ ಚನಿಯನ ಹುಬ್ಬು, ರೆಪ್ಪೆ, ತೆರೆದ ಬಾಯಿ ಎಲ್ಲ ಮೊದಲಿನ ಹಾಗೆ ಬಿಳಿ. ಎಷ್ಟು ಒರೆಸಿದರೂ ಅಷ್ಟೇ.

ಒಂದು ದಿನ ಅವಳು ಮನೆಯಿಂದ ನೀಲಿ ಗೀಟಿನ ಆ ಹಳೇ ಬೈರಾಸನ್ನು ತಂದಳು. ಕಲ್ಲನ್ನು ಬಳಸಿ, ಚನಿಯನ ಮೂಗು ಬಾಯಿ ಮುಚ್ಚುವ ಹಾಗೆ ಬಿಗಿಯಾಗಿ ಕಟ್ಟಿದಳು. ಕಣ್ಣು ಮಾತ್ರ ಹೊರಗೆ ಉಳಿಯಿತು. ಆಚಾರ್ರು ಗೇಟಿನ ಹತ್ತಿರ ಬಂದು ನೋಡಿದರು.

“ಬಿಚ್ಚು ಅದನ್ನು.”

“ಒಮ್ಮೆ ನೀವು ಬಿಚ್ಚಿಸಿದ್ದು ಸಾಕು” ಅಂದಳು ಸುಂದರಿ. “ಈಗ ಬೇಕಿದ್ರೆ ನೀವೇ ಮುಟ್ಟಿ ಬಿಚ್ಚಿ.”

ಆಚಾರ್ರು ಮುಟ್ಟಲಿಲ್ಲ. ಆ ಕಣ್ಣುಗಳನ್ನು ಒಂದು ಗಳಿಗೆ ನೋಡಿ ಒಳಗೆ ಹೋದರು. ಬೈರಾಸು ಈಗಲೂ ಅಲ್ಲೇ ಉಂಟು. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಬಗ್ಗಿ, ಇದು ಯಾವ ದೇವರು ಅಂತ ಕೇಳುತ್ತಾರೆ.

ಬೈರಾಸು ಕಟ್ಟಿದ ಆ ದಿನ ಒಳಗೆ ಕಟ್ಟರ್ ಶುರುವಾಯಿತು. ಹುಡಿ ಎದ್ದು ಗೇಟು ದಾಟಿ ಬಂತು. ಮನೆಯಲ್ಲಿದ್ದದ್ದು ಒಂದೇ ಬೈರಾಸು, ಅದನ್ನು ಅವನಿಗೆ ಕಟ್ಟಿ ಆಗಿತ್ತು. ಬಸ್ಸು ಬರುವವರೆಗೆ ಸುಂದರಿ ರಸ್ತೆ ಬದಿಯಲ್ಲಿ ನಿಂತು ಕೆಮ್ಮಿದಳು.